ನಾರ್ವೆ ಭಾವ ಗಾಡಿ ಕೊಂಡದ್ದು

ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅದು ದಿನಾ ಬೆಳಿಗ್ಗೆ ತಾನಾಗಿಯೇ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತದೆ. ವಿದ್ಯಾರಣ್ಯಪುರದಲ್ಲಿ ನಾನು ಗಾಡಿ ಕಲಿಸಲು ಶುರು ಮಾಡಿ ಬಹಳ ವರ್ಷವಾಯಿತು. ಬ್ರೇಕ್ ತುಳಿಯಿರಿ ಎಂದರೆ ಕಣ್ಣು ಮುಚ್ಚಿಕೊಂಡವರನ್ನು ನೋಡಿದ್ದೇನೆ. ಹಾರ್ನ್ ಹೊಡೆದಾದ ಮೇಲೆ ತಾವೇ ಬೆಚ್ಚಿಬಿದ್ದವರನ್ನು ನೋಡಿದ್ದೇನೆ. ನನಗೆ ಇನ್ನೊಂದು ಚಾಳಿಯೂ ಇದೆ, ಕೆಟ್ಟ ಕುತೂಹಲ. ಪಕ್ಕದಲ್ಲಿ ಕೂತವರ ಮನೆಯ ಸಮಾಚಾರ ಪೂರ್ತಿ ತಿಳಿಯದಿದ್ದರೆ ನನಗೆ ಆ ದಿನ ಊಟ ಸೇರುವುದಿಲ್ಲ. ಕ್ಲಚ್ಚು ಗೇರು ಕಲಿಸುತ್ತಲೇ, ಮಗಳಿಗೆ ಗಂಡು ನೋಡಿದಿರಾ, ಅತ್ತೆಯ ಮಂಡಿ ನೋವು ಹೇಗಿದೆ ಎಂದೆಲ್ಲ ಕೇಳಿ ಮುಗಿಸಿರುತ್ತೇನೆ.

ಹೀಗಿರುವ ನನ್ನ ಬೀದಿಗೇ ನಾರ್ವೆ ಭಾವ ಬಂದು ಸೇರಿದರೆ ನಾನು ಸುಮ್ಮನಿರಲು ಸಾಧ್ಯವೇ?

ಅವರ ಹೆಂಡತಿ ಯಲಹಂಕದ ಹುಡುಗಿ. ಹುಡುಗಿಯಾಗಿದ್ದಾಗ ನರ್ಸ್ ಕೆಲಸಕ್ಕೆಂದು ನಾರ್ವೆಗೆ ಹೋದವರು. ಭಾವ ಅಲ್ಲಿ ಫೆರಿ ನಡೆಸುತ್ತಿದ್ದರು. ಫೆರಿ ಎಂದರೆ ಜನರನ್ನೂ ಕಾರು ಲಾರಿಗಳನ್ನೂ ಹೊತ್ತು ಈ ದಡದಿಂದ ಆ ದಡಕ್ಕೆ ದಾಟಿಸುವ ದೊಡ್ಡ ದೋಣಿ. ಇಬ್ಬರಿಗೂ ಮದುವೆಯಾಗಿ, ಇಬ್ಬರೂ ರಿಟೈರ್ ಆಗಿ, ಈಗ ನಮ್ಮ ಬೀದಿಯ ಮೇಲ್ಮಹಡಿಯ ಮನೆಗೆ ಬಾಡಿಗೆಗೆ ಬಂದಿದ್ದರು. ನಾನು ಅವರನ್ನು ಅಕ್ಕ ಎಂದು ಕರೆದ ಮೇಲೆ ಅವರ ಗಂಡ ಭಾವ ಆಗಲೇಬೇಕಲ್ಲ! ಅಕ್ಕನಿಗೆ ಇದು ತವರಿಗೆ ವಾಪಸ್ ಬಂದದ್ದು. ಭಾವನಿಗೆ ಇದು ಪರದೇಶ. ಎಲ್ಲರೂ ಕಾಲು ಚಾಚಿ ಕೂರುವ ವಯಸ್ಸಿನಲ್ಲಿ ಈ ಮನುಷ್ಯ ಪರದೇಶ ಸೇರಿದ್ದರು. ಬರುವಾಗಲೇ, "ಒಂದು ವರ್ಷ ಇದ್ದು ನೋಡೋಣ" ಎಂದಿದ್ದರಂತೆ.

೧. ವೈಪರ್

ಮೊದಲ ದಿನ ಭಾವ ನನ್ನ ಕಾರಿನ ಎಡಬಾಗಿಲು ತೆಗೆದು ಠೀವಿಯಿಂದ ಕೂತರು. ಬೆಲ್ಟ್ ಹಾಕಿದರು, ಬೆನ್ನು ನೆಟ್ಟಗೆ ಮಾಡಿಕೊಂಡರು, ಎರಡೂ ಕೈ ಮುಂದೆ ಚಾಚಿದರು. ಕೈಗೆ ಗಾಳಿ ಬಿಟ್ಟು ಇನ್ನೇನೂ ಸಿಗಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದ ನನ್ನನ್ನು ನೋಡಿ, "ರೀ, ಸ್ಟೀರಿಂಗ್ ಎಲ್ಲಿ ಇಟ್ಟಿದ್ದೀರಿ?" ಎಂದರು.

ನಾರ್ವೆಯಲ್ಲಿ ಓಡಿಸುವವರು ಎಡಕ್ಕೆ ಕೂರುತ್ತಾರೆ, ಗಾಡಿ ಬಲಕ್ಕೆ ಓಡುತ್ತದೆ. ನಮ್ಮಲ್ಲಿ ಓಡಿಸುವವರು ಬಲಕ್ಕೆ ಕೂರುತ್ತಾರೆ, ಗಾಡಿ ಎಡಕ್ಕೆ ಓಡಬೇಕೆಂದು ಪುಸ್ತಕದಲ್ಲಿದೆ.

ಅವರ ‘ರೀ’ ಬಗ್ಗೆ ಒಂದು ಮಾತು ಹೇಳಬೇಕು. ಭಾವ ಕನ್ನಡ ಕಲಿತದ್ದು ಹೆಂಡತಿಯಿಂದ. ಅಕ್ಕ ಅವರನ್ನು ‘ರೀ’ ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಎಲ್ಲರ ಹೆಸರೂ ‘ರೀ’ ಎಂದೇ ಭಾವ ತಿಳಿದುಕೊಂಡಿದ್ದರು. ಹೆಂಡತಿಗೆ ರೀ, ನನಗೆ ರೀ, ಹಾಲಿನವನಿಗೆ ರೀ. ಒಮ್ಮೆ ನಡುರಸ್ತೆಯಲ್ಲಿ ಮಲಗಿದ್ದ ನಾಯಿಗೂ ಕಿಟಕಿ ಇಳಿಸಿ, "ರೀ, ಸ್ವಲ್ಪ ಆ ಕಡೆ ಹೋಗ್ತೀರಾ?" ಎಂದರು. ನಾಯಿ ಎದ್ದು ಹೋಯಿತು. ಅದಕ್ಕೂ ಅಷ್ಟು ಮರ್ಯಾದೆ ಅದೇ ಮೊದಲ ಸಲ ಸಿಕ್ಕಿರಬೇಕು.

ಕೂರುವ ಜಾಗ ಬದಲಾಯಿಸಿಕೊಂಡರೂ ಕೈಗಳು ಬದಲಾಗಲಿಲ್ಲ. ಅವರ ಊರಿನ ಗಾಡಿಯಲ್ಲಿ ಇಂಡಿಕೇಟರ್ ಕಡ್ಡಿ ಎಡಕ್ಕೆ, ನನ್ನದರಲ್ಲಿ ಬಲಕ್ಕೆ. ತಿರುವು ಬಂದಾಗಲೆಲ್ಲ ಭಾವನ ಎಡಗೈ ತನ್ನಷ್ಟಕ್ಕೆ ಹೋಗಿ ವೈಪರ್ ಹಾಕುತ್ತಿತ್ತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಹನಿ ಮಳೆಯಿಲ್ಲದೆ, ಗರಗರ ಗಾಜು ಒರೆಸಿಕೊಳ್ಳುತ್ತಾ ನಾವು ಬೀದಿ ತಿರುಗುತ್ತಿದ್ದೆವು. ನನಗೆ ನಾಚಿಕೆಯಾಗುತ್ತಿತ್ತು.

ಆದರೆ ಬೀದಿ ಕೊನೆಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಇದು ಬೇಗ ಅರ್ಥವಾಗಿಹೋಯಿತು. ನಮ್ಮ ಗಾಡಿ ದೂರದಲ್ಲಿ ಕಂಡ ಕೂಡಲೇ ಗಿರಾಕಿಗಳನ್ನು, "ಇಂಗ್ ಬನ್ರಮ್ಮಾ ಪಕ್ಕಕ್ಕೆ, ಗಾಜು ಒರೆಸ್ಕಂತಾ ಅವ್ರೆ, ಈಗ ತಿರುಗ್ತಾರೆ!" ಎಂದು ಎಳೆದುಕೊಳ್ಳುತ್ತಿದ್ದಳು. ಒಂದು ದಿನ ನಾನು ಇಳಿದು, "ಸಾರಿ ಕಣಮ್ಮ, ಅವರಿಗಿನ್ನೂ ಇಂಡಿಕೇಟರ್ ಹಾಕೋಕೆ ಬರ್ತಿಲ್ಲ" ಎಂದೆ.

ಆಕೆ ಕೊತ್ತಂಬರಿ ಕಟ್ಟು ಕೊಡವುತ್ತಾ, "ಬಿಡಮ್ಮ, ಬ್ಯಾರೇರು ಏನೂ ಆಕಲ್ಲ. ಇವ್ರು ಒರೆಸ್ಕಂಡಾದ್ರೂ ಏಳ್ತಾರಲ್ಲ" ಎಂದಳು.

೨. ನೋಡೋಣ

ಕೈ ಒಂದು ಹದಕ್ಕೆ ಬಂದ ಮೇಲೆ ಸ್ವಂತ ಗಾಡಿಯ ಮಾತು ಎದ್ದಿತು. ಅಕ್ಕನಿಗೆ ಹೊಸದೇ ಬೇಕು. ಭಾವನಿಗೆ ಹಳೇದು ಸಾಕು.

"ಇಷ್ಟು ವರ್ಷ ಫಾರಿನ್ನಲ್ಲಿ ದುಡಿದು ಬಂದು ಸೆಕೆಂಡ್ ಹ್ಯಾಂಡ್ ತಗೊಂಡ್ರೆ ನಮ್ ಚಿಕ್ಕಮ್ಮ ಏನಂತಾರೆ ಗೊತ್ತಾ? ‘ಅಲ್ಲಿ ನರ್ಸೇ ಆಗಿದ್ಳೋ, ಇಲ್ಲಾ ಸುಮ್ನೆ ಹೇಳ್ತಾಳೋ’ ಅಂತಾರೆ" ಎಂದು ಅಕ್ಕನ ವಾದ.

ಭಾವನ ವಾದವೂ ತಳ್ಳಿಹಾಕುವಂಥದ್ದಲ್ಲ. "ಈ ಊರಲ್ಲಿ ಗಾಡಿಗೆ ಗೀಚು ಬೀಳೋದು ಗ್ಯಾರಂಟಿ. ಮೊದಲನೇ ಗೀಚು ಬಿದ್ದಾಗ ತುಂಬಾ ನೋವಾಗುತ್ತೆ. ಅದನ್ನ ಬೇರೆಯವರು ಅನುಭವಿಸಿರಲಿ. ನಾನು ಎರಡನೇ ಗೀಚಿಂದ ಶುರು ಮಾಡ್ತೀನಿ."

ಇದು ಗಂಡ ಹೆಂಡಿರ ಮಾಮೂಲಿ ಜಗಳ ಎಂದುಕೊಂಡು ನಾನು ಚೆನ್ನಾಗಿ ಮಜಾ ತೆಗೆದುಕೊಳ್ಳುತ್ತಿದ್ದೆ. ಒಂದು ಸಂಜೆ ಅಕ್ಕ ನಮ್ಮ ಮನೆಗೆ ಬಂದರು. ಕೊಟ್ಟ ಕಾಫಿ ಆರುತ್ತಾ ಇತ್ತು, ಅವರು ಮುಟ್ಟಲಿಲ್ಲ.

"ಚಿಕ್ಕಮ್ಮನ ಮಾತು ಹಾಗಿರ್ಲಿ ಕಣೇ. ಹೊಸ ಗಾಡಿ ತಗೊಳ್ಳೋರು ಇರೋಕೆ ಅಂತ ಬಂದಿರ್ತಾರೆ. ಹಳೇದು ತಗೊಳ್ಳೋರು ಯಾವತ್ತು ಬೇಕಾದ್ರೂ ಮಾರಿ ಹೊರಡಬಹುದು. ವರ್ಷ ಆಗ್ತಾ ಬಂತು. ಇವರು ವಾಪಸ್ ಹೋಗೋ ಯೋಚನೇಲಿದ್ದಾರೆ. ಆಗ ನಾನೇನ್ ಮಾಡ್ಲಿ? ಇಲ್ಲಿರ್ಲಾ, ಅವರ ಹಿಂದೆ ಹೋಗ್ಲಾ? ಈ ವಯಸ್ಸಲ್ಲಿ ಇನ್ನೊಂದ್ ಸಲ ಊರು ಬಿಡೋಕೆ ನನ್ ಕೈಲಿ ಆಗಲ್ಲ. ಇವರನ್ನ ಬಿಟ್ಟಿರೋಕೂ ಆಗಲ್ಲ. ಇದನ್ನೆಲ್ಲ ಅವರ ಹತ್ರ ಬಾಯಿ ಬಿಡ್ಬೇಡ."

"ಅವರನ್ನೇ ಕೇಳಿಬಿಡಿ ಅಕ್ಕ" ಎಂದೆ.

"ಹೂಂ ಅಂದ್ಬಿಟ್ರೆ?"

ಕೇಳುವ ಕೆಲಸ ನನ್ನದಾಯಿತು, ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಮರುದಿನ ಪಾಠದ ನಡುವೆ ಮೆಲ್ಲಗೆ, "ಭಾವ, ಇಲ್ಲೇ ಇರ್ತೀರಿ ತಾನೆ? ವಾಪಸ್ ಹೋಗಲ್ವಲ್ಲ?" ಎಂದೆ. ಭಾವ ರಸ್ತೆಯಿಂದ ಕಣ್ಣು ತೆಗೆಯದೆ, "ನೋಡೋಣ" ಎಂದರು.

ಸುದ್ದಿ ತಂದು ಒಪ್ಪಿಸಿದೆ. ಅಕ್ಕ ಹಣೆ ಚಚ್ಚಿಕೊಂಡರು. "ಬಂದ ಹೊಸದರಲ್ಲಿ ಇವರು ಎಲ್ಲರಿಗೂ ಮುಖಕ್ಕೆ ಹೊಡೆದಂಗೆ ಮಾತಾಡೋರು. ಚಿಕ್ಕಮ್ಮ ಊಟಕ್ಕೆ ಕರೆದ್ರೆ ‘ಬರಲ್ಲ, ನನಗೆ ಇಷ್ಟ ಇಲ್ಲ’ ಅಂದ್ಬಿಟ್ರು. ಹಂಗನ್ಬಾರ್ದು ರೀ, ಮನಸ್ಸಿಲ್ಲ ಅಂದ್ರೆ ನೋಡೋಣ ಅನ್ಬೇಕು ಅಂತ ನಾನೇ ಹೇಳ್ಕೊಟ್ಟೆ. ಈಗ ಇವರು ಅಂದಿದ್ದು ನಿಜವಾದ ನೋಡೋಣನಾ, ನಮ್ಮೋರ ನೋಡೋಣನಾ ಅಂತ ನಾನ್ ಹೆಂಗೆ ಕಂಡುಹಿಡೀಲೇ?"

೩. ಡಾಕ್ಟರ್ ಗಾಡಿ

ಎರಡನ್ನೂ ನೋಡಿ ತೀರ್ಮಾನ ಮಾಡೋಣ ಎಂದು ಮೂವರೂ ಹೊರಟೆವು. ಮೊದಲು ಆರ್.ಟಿ. ನಗರದ ಹಳೇ ಗಾಡಿಗಳ ಭಾಯ್ ಹತ್ತಿರ. ಭಾಯ್ ನನಗೆ ಹಳೇ ಪರಿಚಯ, ನನ್ನ ಹತ್ತಿರ ಕಲಿತವರು ಎಷ್ಟೋ ಜನ ಅವರಲ್ಲಿ ಗಾಡಿ ಕೊಂಡಿದ್ದಾರೆ.

"ಬನ್ನಿ ಸಾಬ್, ಈ ಗಾಡಿ ನೋಡಿ. ಡಾಕ್ಟರ್ ಗಾಡಿ! ಒಬ್ರೇ ಓನರ್. ಕ್ಲಿನಿಕ್ಕಿಗೆ ಬಿಟ್ರೆ ಎಲ್ಲಿಗೂ ಹೋಗಿಲ್ಲ. ಬೆಣ್ಣೆ ಮಾಫಿಕ್ ಹೋಗ್ತದೆ."

ಭಾವ ಪಕ್ಕದ ಗಾಡಿ ತೋರಿಸಿದರು. ಅದೂ ಡಾಕ್ಟರ್ ಗಾಡಿ. ಅದರಾಚೆಯದು? ಅದೂ ಡಾಕ್ಟರದ್ದೇ. ಭಾವನಿಗೆ ಚಿಂತೆಯಾಯಿತು. "ಇಷ್ಟು ಜನ ಡಾಕ್ಟರು ಗಾಡಿ ಮಾರಿಬಿಟ್ಟರೆ ರೋಗಿಗಳನ್ನ ನೋಡೋಕೆ ಹೇಗೆ ಹೋಗ್ತಾರೆ?" ಎಂದರು.

"ಎಲ್ಲಾ ಡಾಕ್ಟರ್ ಅಲ್ಲ ಸಾಬ್, ಆ ಮೂಲೇಲಿರೋದು ಲೇಡೀಸ್ ಓಡಿಸಿದ ಗಾಡಿ" ಎಂದು ಭಾಯ್ ನನ್ನ ಕಡೆ ನೋಡಿ ಹೆಮ್ಮೆಯಿಂದ ಹೇಳಿದರು. ನನಗೆ ಉರಿಯಿತು. ರಸ್ತೆಯಲ್ಲಿ ಹೆಂಗಸು ಓಡಿಸಿದರೆ ಬೈಗುಳ, ಮಾರುವಾಗ ಹೆಂಗಸು ಓಡಿಸಿದ್ದೆಂದರೆ ಬೆಲೆ ಜಾಸ್ತಿ. ಇದನ್ನು ಯಾರಾದರೂ ಒಂದು ದಿನ ನನಗೆ ಬಿಡಿಸಿ ಹೇಳಬೇಕು.

ಅಷ್ಟರಲ್ಲಿ ಭಾವ ಕಾಣಿಸಲಿಲ್ಲ. ನೋಡಿದರೆ ಮೊದಲನೇ ಡಾಕ್ಟರ್ ಗಾಡಿಯ ಅಡಿಯಿಂದ ಎರಡು ಉದ್ದನೆಯ ಕಾಲು ಹೊರಗೆ ಬಂದಿವೆ! ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನೆಲಕ್ಕೆ ಬೆನ್ನು ಕೊಟ್ಟು, ಟಾರ್ಚ್ ಹಿಡಿದು ಮಲಗಿದ್ದರು. ಭಾಯ್ ಗಾಬರಿಯಿಂದ, "ಸಾಬ್ಗೆ ಏನಾಯ್ತು ಮೇಡಂ? ತಲೆ ತಿರುಗಿ ಬಿದ್ರಾ?" ಎಂದರು.

ಭಾವ ಒಳಗಿನಿಂದಲೇ, "ತುಕ್ಕೇ ಇಲ್ಲ!" ಎಂದು ಕೂಗಿದರು. ಹೊರಗೆ ಬಂದಾಗ ಅಂಗಿ ಕಪ್ಪಾಗಿತ್ತು, ಮುಖ ಅರಳಿತ್ತು. "ನಮ್ಮಲ್ಲಿ ಇಷ್ಟು ಹಳೇ ಗಾಡಿ ಆದರೆ ಕೆಳಗಡೆ ಎಲ್ಲಾ ತುಕ್ಕು ತಿಂದಿರುತ್ತೆ. ಚಳಿಗಾಲದಲ್ಲಿ ಮಂಜು ಕರಗಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರೆ. ನೀವು ರಸ್ತೆಗೆ ಉಪ್ಪು ಹಾಕಲ್ವಾ?"

ಭಾಯ್, "ಉಪ್ಪಾ? ಇಲ್ಲಿ ಟಾರ್ ಹಾಕೋದೇ ಅಪರೂಪ ಸಾಬ್" ಎಂದರು.

ಭಾವನಿಗೆ ಗಾಡಿ ಹಿಡಿಸಿಬಿಟ್ಟಿತು. ಇಷ್ಟು ಚೆನ್ನಾಗಿ ಇಟ್ಟುಕೊಂಡ ಆ ಡಾಕ್ಟರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಲೇಬೇಕು ಎಂದು ಹಟ ಹಿಡಿದರು. ಭಾಯ್ ನೆಲ ನೋಡಿದರು, ಆಕಾಶ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಡಾಕ್ಟರೇ ಸಾಬ್, ಸುಳ್ಳಲ್ಲ. ಆದ್ರೆ ಕನ್ನಡದಲ್ಲಿ ಡಾಕ್ಟರ್. ಕಾಲೇಜಲ್ಲಿ ಪಾಠ ಮಾಡ್ತಾ ಇದ್ರು."

"ಮತ್ತೆ ಕ್ಲಿನಿಕ್ಕು?" ಎಂದೆ ನಾನು.

"ಹೋಗ್ತಾ ಇದ್ರು ಮೇಡಂ. ಸೊಂಟ ನೋವು ಅವ್ರಿಗೆ."

೪. ಪ್ಲಾಸ್ಟಿಕ್ ತೆಗೆಯುವುದು ಯಾವಾಗ

ಈಗ ಹೊಸ ಗಾಡಿಯ ಸರದಿ. ಹೆಬ್ಬಾಳದ ಕಡೆಯ ಒಂದು ಶೋರೂಮಿಗೆ ಹೋದೆವು. ಅಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು, ಶೋರೂಮಿನವರು ಮರ್ಯಾದೆ ಕೊಡಲಿ ಎಂದು. ಭಾವ ಟಾರ್ಚ್ ತಂದಿದ್ದರು. ಅಕ್ಕ ಅದನ್ನು ಬಾಗಿಲಲ್ಲೇ ಕಿತ್ತುಕೊಂಡು ಬ್ಯಾಗಿಗೆ ಹಾಕಿಕೊಂಡರು.

ಒಳಗೆ ಯಾವುದೋ ಕುಟುಂಬ ಅವತ್ತೇ ಗಾಡಿ ತೆಗೆದುಕೊಳ್ಳುತ್ತಿತ್ತು. ಗಾಡಿಗೆ ಹೂವಿನ ಹಾರ, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಭಾವನ ಕುತೂಹಲ ನನ್ನದಕ್ಕಿಂತ ಒಂದು ಕೈ ಮೇಲೆ. ನೇರವಾಗಿ ಆ ಮನೆಯ ಅಜ್ಜಿಯ ಹತ್ತಿರ ಹೋಗಿ, "ರೀ, ಹಣ್ಣು ಯಾಕೆ ಗಾಡಿ ಕೆಳಗೆ?" ಎಂದರು.

"ದೃಷ್ಟಿ ಆಗಬಾರದು ಅಂತಪ್ಪ. ಹೊಸ ಗಾಡಿ ಅಲ್ವಾ, ಎಲ್ಲರ ಕಣ್ಣೂ ಇದರ ಮೇಲೇ ಇರುತ್ತೆ."

"ಹಳೇ ಗಾಡಿ ಆದರೆ?"

"ಹಳೇದನ್ನ ಯಾರಪ್ಪ ನೋಡ್ತಾರೆ?"

ಭಾವ ತಿರುಗಿ ಅಕ್ಕನನ್ನು ನೋಡಿ, ಕೇಸು ಗೆದ್ದ ವಕೀಲರ ಹಾಗೆ ಹುಬ್ಬು ಹಾರಿಸಿದರು. ಅಕ್ಕ ಗೋಡೆ ಕಡೆ ತಿರುಗಿಕೊಂಡರು. ಅಜ್ಜಿ ಭಾವನನ್ನು ಬಿಡಲಿಲ್ಲ. ಕೈಹಿಡಿದು ಎಳೆದುಕೊಂಡು ಹೋಗಿ ಫೋಟೋಕ್ಕೆ ನಡುವೆ ನಿಲ್ಲಿಸಿದರು. ಆ ಮನೆಯ ಅಳಿಯನಿಗೆ ಅಂಚಿನಲ್ಲೂ ಜಾಗ ಸಿಗಲಿಲ್ಲ.

ನಮಗೆ ಗಾಡಿ ತೋರಿಸಿದವರು ಬಾಗಲಕೋಟೆ ಕಡೆಯ ಯುವಕ, ತುಂಬ ವಿನಯ. "ಬರ್ರೀ ಸರ, ಕುಂತು ನೋಡ್ರೀ, ಹ್ಯಾಂಗೈತಿ ಹೇಳ್ರೀ" ಎಂದು ಬಾಗಿಲು ತೆಗೆದರು. ಭಾವ ಕೂತರು. ಸೀಟಿನ ಮೇಲಿದ್ದ ಪ್ಲಾಸ್ಟಿಕ್ ಚರ್‍ರೆಂದಿತು. ಸ್ವಲ್ಪ ಸರಿದರು, ಮತ್ತೆ ಚರ್‍ರೆಂದಿತು.

"ಗಾಡಿ ಕೊಡುವಾಗ ಇದನ್ನ ತೆಗೀತೀರಾ?"

"ಇಲ್ರೀ ಸರ, ನಾವ್ ತಗದ್ರ ಗಿರಾಕಿ ಸಿಟ್ಟ ಆಗ್ತಾರ್ರೀ."

"ಅವರೇ ಮನೆಗೆ ಹೋಗಿ ತೆಗೀತಾರಾ?"

"ಯಾಕ ತಗೀತಾರ್ರೀ? ಸೀಟ್ ಹೊಲಸ ಆಗ್ತಾವಲ್ರೀ."

"ಹಾಗಾದರೆ ಯಾವಾಗ ತೆಗೆಯೋದು?"

ಆ ಯುವಕ ಪ್ರಾಮಾಣಿಕವಾಗಿ ಯೋಚನೆ ಮಾಡಿದರು. ಈ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. "ಮಾರೂವಾಗ ತಗದ್ರ ಛಲೋ ರೇಟ್ ಬರ್ತೈತ್ರೀ ಸರ. ಸೀಟ್ ಎಲ್ಲಾ ಹೊಸಾವ ಇರ್ತಾವಲ್ರೀ."

ಭಾವ ಇಳಿದು ಬಾಗಿಲು ಹಾಕಿ ಅಕ್ಕನಿಗೆ ಹೇಳಿದರು, "ಕೇಳಿದಿರಾ? ಈ ಊರಲ್ಲಿ ಹೊಸ ಸೀಟಿನ ಮೇಲೆ ಕೂರಬೇಕು ಅಂದರೆ ಹಳೇ ಗಾಡಿ ತಗೋಬೇಕು."

೫. ಈ ಊರಲ್ಲಿ ಇರೋಕಾಗಲ್ಲ

ಅವತ್ತಿನಿಂದ ಅಕ್ಕ ಗಾಡಿಯ ಮಾತೇ ಬಿಟ್ಟರು. ಅದು ನನಗೆ ಸಮಾಧಾನ ತರಲಿಲ್ಲ. ಜಗಳವಾಡುವ ಹೆಂಡತಿಗಿಂತ ಸುಮ್ಮನಾದ ಹೆಂಡತಿ ಹೆಚ್ಚು ಭಯ ಹುಟ್ಟಿಸುತ್ತಾಳೆ, ನಾನೂ ಒಬ್ಬ ಹೆಂಡತಿಯಾಗಿ ಹೇಳುತ್ತಿದ್ದೇನೆ.

ಭಾವ ಬೇರೆ ದಿನಾ ಪಾಠ ಮುಗಿಯುವ ಮುಂಚೆ ಯಲಹಂಕ ಕೆರೆಯ ಹತ್ತಿರ ಗಾಡಿ ನಿಲ್ಲಿಸುತ್ತಿದ್ದರು. ಇಳಿದು ಹೋಗಿ ನೀರು ನೋಡುತ್ತಾ ನಿಂತುಬಿಡುವರು. ಜೀವಮಾನವಿಡೀ ನೀರಿನ ಮೇಲಿದ್ದ ಮನುಷ್ಯ, ಊರಿನ ನೆನಪಾಗುತ್ತಿದೆ, ಇನ್ನು ಇವರು ಇಲ್ಲಿ ನಿಲ್ಲುವುದಿಲ್ಲ, ಅಕ್ಕನ ಕಥೆ ಏನು? ಒಂದು ದಿನ ತಡೆಯಲಾಗಲಿಲ್ಲ.

"ಭಾವ, ನಿಜ ಹೇಳಿ. ಊರು ನೆನಪಾಗ್ತಿದ್ಯಾ?"

"ಹೌದು, ದಿನಾ ಆಗುತ್ತೆ" ಎಂದರು. ಆಮೇಲೆ, "ಆದರೆ ಈ ಹಕ್ಕಿಗಳು ತುಂಬಾ ಚೆನ್ನಾಗಿವೆ" ಎಂದು ಕೊಕ್ಕರೆ ತೋರಿಸಿದರು.

"ಅದಕ್ಕೇನಾ ಹಳೇ ಗಾಡಿ? ಮಾರಿ ಹೊರಟುಬಿಡೋದಕ್ಕಾ?"

ಭಾವ ಆಶ್ಚರ್ಯದಿಂದ ನನ್ನನ್ನು ನೋಡಿದರು. "ನನಗಲ್ಲ, ಅವರಿಗೆ! ಅವರಿಗೆ ಇಲ್ಲಿ ಇರೋಕೆ ಇಷ್ಟ ಇಲ್ಲ."

"ಯಾರಿಗೆ? ಅಕ್ಕನಿಗಾ?"

"ಹೌದು. ದಿನಾ ಬೆಳಿಗ್ಗೆ ಎದ್ದು ಹೇಳ್ತಾರೆ. ನೀರು ಬರದಿದ್ದರೆ ‘ಈ ಊರಲ್ಲಿ ಇರೋಕಾಗಲ್ಲ’. ಕರೆಂಟ್ ಹೋದರೆ ‘ಈ ಊರಲ್ಲಿ ಇರೋಕಾಗಲ್ಲ’. ಕಿಟಕಿ ಒರೆಸುವಾಗ ಧೂಳು ನೋಡಿ ಅದನ್ನೇ ಹೇಳ್ತಾರೆ. ತವರೂರು ಅಂತ ಆಸೆಯಿಂದ ಬಂದರು, ಈಗ ಬೇಜಾರ್ ಆಗಿದೆ, ನನ್ನ ಹತ್ತಿರ ಹೇಳೋಕೆ ನಾಚಿಕೆ. ಅವರು ಹೋಗೋಣ ಅಂದ ದಿನ ಗಾಡಿ ಒಂದು ಅಡ್ಡ ಆಗಬಾರದು ಅಲ್ವಾ?"

ನಾನು ಕೆರೆ ಏರಿಯ ಮೇಲೆಯೇ ಕೂತುಕೊಂಡೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಡೀ ಬೆಂಗಳೂರು ದಿನಾ ಬೆಳಿಗ್ಗೆ ಹಲ್ಲುಜ್ಜಿದಷ್ಟೇ ಸಹಜವಾಗಿ ಆಡುವ ಮಾತಿದು. ನನ್ನ ತಂದೆ ಇದನ್ನು ಆಡುತ್ತಲೇ ಇದೇ ಊರಿನಲ್ಲಿ ಎರಡು ಮನೆ ಕಟ್ಟಿಸಿದರು. ಪಾಪ, ಭಾವ ಅದನ್ನು ಅಕ್ಷರಶಃ ನಂಬಿ, ಹೆಂಡತಿಗೋಸ್ಕರ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದರು.

"ಭಾವ, ಇದನ್ನ ಅಕ್ಕನಿಗೆ ಹೇಳಿ, ಇವತ್ತೇ ಹೇಳಿ."

"ಬೇಡ. ನೀವೂ ಹೇಳಬೇಡಿ. ಅವರಿಗೆ ಅವಮಾನ ಆಗುತ್ತೆ" ಎಂದು ನನ್ನಿಂದ ಮಾತು ತೆಗೆದುಕೊಂಡುಬಿಟ್ಟರು. ನನ್ನಂಥವಳ ಬಾಯಿಗೆ ಬೀಗ! ಅವರಿಬ್ಬರ ಗುಟ್ಟೂ ನನಗೆ ಗೊತ್ತು, ಒಬ್ಬರದನ್ನೂ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಮನೆಗೆ ಹೋದಾಗ ನಮ್ಮ ಯಜಮಾನರು ನನ್ನ ಮುಖ ನೋಡಿ, "ಏನಾಯ್ತೇ? ಯಾರಿಗಾದ್ರೂ ಗುದ್ದಿದ್ಯಾ?" ಎಂದರು.

೬. ಮನೇಲಿ ಹೇಳಿ ಬಂದದ್ದು

ಯಾವ ಗಾಡಿ ಕೊಂಡರು ಎಂದು ಮೊದಲೇ ಹೇಳಿಬಿಡುತ್ತೇನೆ. ಭಾಯ್ ತೋರಿಸಿದ ಆ ಕನ್ನಡ ಡಾಕ್ಟರ್ ಗಾಡಿಯೇ. ಅದರ ಸೀಟಿನ ಮೇಲೂ ಇನ್ನೂ ಹಾಗೇ ಇದ್ದ ಪ್ಲಾಸ್ಟಿಕ್ಕನ್ನೆಲ್ಲ ಕೊಂಡ ದಿನ ಅಕ್ಕನೇ ಕಿತ್ತು ಎಸೆದರು. ಹೊಸದೇ ಬೇಕು ಎಂದಿದ್ದ ಅಕ್ಕ ಹಳೇದಕ್ಕೆ ಒಪ್ಪಿದ್ದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ.

ಭಾಯ್ ನನ್ನ ಮೇಲಿನ ನಂಬಿಕೆಯಿಂದ, "ಒಂದಿನ ಇಟ್ಕೊಳ್ಳಿ ಮೇಡಂ, ಓಡಿಸಿ ನೋಡಿ" ಎಂದು ಕೀ ಕೊಟ್ಟಿದ್ದರು. ಯಶವಂತಪುರದಲ್ಲಿ ನನಗೆ ಗೊತ್ತಿದ್ದ ಮೆಕ್ಯಾನಿಕ್ಕಿಗೆ ತೋರಿಸಿದೆವು, ಗಾಡಿ ಗಟ್ಟಿಯಾಗಿದೆ ಎಂದ. ವಾಪಸ್ ಬರುವಾಗ ನಾನು ಬೇಕೆಂದೇ ಗೊರಗುಂಟೆಪಾಳ್ಯದ ದಾರಿ ಹಿಡಿಸಿದೆ. ಅಲ್ಲಿ ತಿರುಗಿಸಿದವರು ಭೂಮಿಯ ಮೇಲೆ ಎಲ್ಲಿ ಬೇಕಾದರೂ ಓಡಿಸಬಹುದು, ಇದು ನನ್ನ ಸ್ಕೂಲಿನ ಕೊನೆಯ ಪರೀಕ್ಷೆ. ಭಾವ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಅಕ್ಕ, ಮಾತಿಲ್ಲದೆ ಕಿಟಕಿ ನೋಡುತ್ತಾ.

ಜಂಕ್ಷನ್ ಬಂತು. ಆ ಕಡೆ ತುಮಕೂರು ರಸ್ತೆಯ ಲಾರಿಗಳು, ಈ ಕಡೆ ಬಸ್ಸು, ಸಂದಿಯಲ್ಲೆಲ್ಲ ಸ್ಕೂಟರು. ನಾನು ಕೈ ಬಿಗಿ ಹಿಡಿದು ಕೂತೆ. ಭಾವನಿಗೆ ಮಾತ್ರ ಖುಷಿ. "ಇಲ್ಲಿ ಲೇನ್ ಇಲ್ಲ, ಇದು ರಸ್ತೆ ಅಲ್ಲ, ಸಮುದ್ರ. ಸಮುದ್ರ ನನಗೆ ಗೊತ್ತು" ಎಂದು ಹಾಯಾಗಿ ನುಗ್ಗಿಸಿದರು. ಚೆನ್ನಾಗಿಯೇ ಹೋಗುತ್ತಿದ್ದೆವು. ನಡುಮಧ್ಯಕ್ಕೆ ಬಂದಾಗ ಡಾಕ್ಟರ್ ಗಾಡಿಯ ಕ್ಲಚ್ ಅಭ್ಯಾಸವಿಲ್ಲದೆ ಎಂಜಿನ್ ಧಡಕ್ಕೆಂದು ನಿಂತಿತು. ಗಾಬರಿಯಲ್ಲಿ ವೈಪರ್ ಬೇರೆ ಓಡತೊಡಗಿತು. ಹಿಂದಿನಿಂದ ಹಾರ್ನುಗಳು ಶುರುವಾದವು.

ಬಲಗಡೆಯಿಂದ ಒಂದು ಆಟೋ ಬಂದು ಮೂತಿಗೆ ಮೂತಿ ಕೊಟ್ಟು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಗರ್ಜಿಸಿದ, "ಲೇಯ್! ಮನೇಲಿ ಹೇಳ್ಬಂದಿದ್ಯೇನೋ?"

ನಮ್ಮ ಊರಿನ ರಸ್ತೆಯಲ್ಲಿ ಈ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಸಾಯೋಕೆ ಹೊರಟಿದ್ದೀಯಾ, ಮನೆಯವರಿಗೆ ಹೇಳಿ ಬಂದಿದ್ದೀಯಾ ಎಂಬ ಬೈಗುಳ ಅದು. ಆದರೆ ಭಾವನಿಗೆ ಈ ಪ್ರಶ್ನೆಯ ಒಂದೊಂದು ಪದವೂ ಸ್ಪಷ್ಟವಾಗಿ ತಿಳಿಯಿತು. ನಮ್ಮ ಗಂಡಸರು ಹೆಂಡತಿಯ ಹೆಸರು ಹೇಳದೆ ‘ಮನೇಲಿ ಕೇಳ್ಬೇಕು’, ‘ಮನೇಲಿ ಬೈತಾರೆ’ ಎನ್ನುವುದನ್ನು ಅವರು ಹಾಲಿನ ಅಂಗಡಿಯ ಮುಂದೆ ದಿನಾ ನಿಂತು ಕಲಿತುಬಿಟ್ಟಿದ್ದರು. ಈ ಅಪರಿಚಿತ ಮನುಷ್ಯ ತನ್ನ ಹೆಂಡತಿಯ ಬಗ್ಗೆ ಇಷ್ಟು ಕಾಳಜಿಯಿಂದ ವಿಚಾರಿಸುತ್ತಿದ್ದಾನೆ! ಭಾವ ಕಿಟಕಿ ಪೂರ್ತಿ ಇಳಿಸಿದರು.

"ಇಲ್ಲ ರೀ, ಹೇಳಿ ಬಂದಿಲ್ಲ. ಮನೇಲಿ ಹಿಂದೆ ಕೂತಿದ್ದಾರೆ. ನಾನು ಎಲ್ಲಿ ಹೋದರೂ ಅವರ ಜೊತೆಗೇ ಹೋಗೋದು."

ಆಟೋದವನು ಬಿಳಿ ಗಡ್ಡದ ಆ ಮುಖ ನೋಡಿದ. ಬಗ್ಗಿ ಹಿಂದಿನ ಸೀಟು ನೋಡಿದ. ಅವನ ಕೋಪ ಎಲ್ಲಿ ಹೋಯಿತೋ, "ಯಾವೂರ್ ಸಾರ್ ನಿಮ್ದು?" ಎಂದ.

ಈ ಪ್ರಶ್ನೆಗೆ ಭಾವ ಯಾವಾಗಲೂ ‘ನಾರ್ವೆ’ ಎನ್ನುವವರು. ಅವತ್ತು ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿ, "ಇವರು ಎಲ್ಲಿದ್ದಾರೋ, ಅದೇ" ಎಂದರು.

ಆಟೋದವನು ಇಳಿದೇಬಿಟ್ಟ. "ಹೋಗಿ ಸಾರ್, ನೀವ್ ಮೊದ್ಲು ಹೋಗಿ!" ಎಂದು ಎರಡೂ ಕೈ ಅಗಲಿಸಿ ಲಾರಿಗಳನ್ನು ತಡೆದು ನಿಂತ. ಗೊರಗುಂಟೆಪಾಳ್ಯದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ದಾರಿ ಬಿಟ್ಟದ್ದನ್ನು ನಾನು ಈ ಕಣ್ಣಾರೆ ನೋಡಿದೆ.

ಆದರೆ ಗಾಡಿ ಹೊರಡಲಿಲ್ಲ. ಹಿಂದಿನಿಂದ ಅಕ್ಕನ ಧ್ವನಿ ಬಂತು. "ರೀ... ಹಾಗಾದ್ರೆ ನೀವು ವಾಪಸ್ ಹೋಗಲ್ವಾ?"

ಭಾವ ಕೀ ಬಿಟ್ಟು ಪೂರ್ತಿ ಹಿಂದಕ್ಕೆ ತಿರುಗಿದರು. "ನಾನಾ? ಹೋಗಬೇಕು ಅಂತಿರೋದು ನೀವು! ದಿನಾ ಈ ಊರಲ್ಲಿ ಇರೋಕಾಗಲ್ಲ ಅಂತೀರಿ!"

"ಅಯ್ಯೋ, ಅದನ್ನ ಎಲ್ಲರೂ ಸುಮ್ನೆ ಅಂತಾರೆ ಕಣ್ರೀ! ಇರೋರೇ ಹಂಗನ್ನೋದು!"

"ಸುಮ್ನೆನಾ?"

"ಸುಮ್ನೆ!"

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನ್ನ ಕಣ್ಣಲ್ಲೂ ನೀರು. "ಹಾಗಾದ್ರೆ ಈ ಹಳೇ ಗಾಡಿನೇ ಸಾಕು ಬಿಡಿ. ಚಿಕ್ಕಮ್ಮ ಏನಾದ್ರೂ ಅಂದ್ಕೊಳ್ಳಲಿ" ಎಂದರು ಅಕ್ಕ.

"ಬೇಡ. ಇಲ್ಲೇ ಇರೋದಾದರೆ ಹೊಸದೇ ತಗೊಳ್ಳೋಣ" ಎಂದರು ಭಾವ.

"ಹಳೇದಕ್ಕೇನಾಗಿದೆ? ತುಕ್ಕಿಲ್ಲ ಅಂತ ನೀವೇ ಹೇಳಿದ್ರಿ!"

"ಹೊಸದು ಬೇಕು ಅಂತ ನೀವೇ ಹೇಳಿದಿರಿ!"

"ಆಗ ಹೇಳಿದ್ದೆ, ಈಗ ಬೇಡ!"

ಇಬ್ಬರೂ ಪಕ್ಷ ಬದಲಾಯಿಸಿಕೊಂಡು ಮೊದಲಿಗಿಂತ ಜೋರಾಗಿ ಜಗಳಕ್ಕೆ ಇಳಿದರು. ಸಿಗ್ನಲ್ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಯಿತು. ವೈಪರ್ ಓಡುತ್ತಲೇ ಇತ್ತು. ಲಾರಿಗಳ ಮುಂದೆ ಕೈ ಅಗಲಿಸಿ ನಿಂತೇ ಇದ್ದ ಆಟೋದವನ ಸಹನೆ ಮುಗಿಯಿತು.

"ಸಾರ್! ಅದನ್ನೆಲ್ಲ ಮನೇಲಿ ಮಾತಾಡ್ಕೊಳ್ಳಿ ಸಾರ್!" ಎಂದು ಕಿರುಚಿದ.

ಭಾವ ಅಕ್ಕನ ಮೇಲಿನ ಕಣ್ಣು ತೆಗೆಯದೆ ಅಷ್ಟೇ ಜೋರಾಗಿ ಉತ್ತರ ಕೊಟ್ಟರು.

"ಮನೇಲೇ ಮಾತಾಡ್ತಾ ಇದ್ದೀನಿ ಕಣ್ರೀ!"